ವಾಸಿಯಾಗದ ಹುಣ್ಣು, ಎಸೆದುಬಿಟ್ಟ ಕೀವು

ನಮ್ಮ ಮಾವನ ಬಲಗಾಲಿನ ಮೀನಖಂಡದ ಮೇಲೆ ಒಂದು ಕುರು ಎದ್ದಿತ್ತು. ಬ್ರಹ್ಮಾವರದ ಹತ್ತಿರದ ಹಳ್ಳಿ ಅವರದು. ಮಳೆಗಾಲದ ಏಣೆಲು ಬೆಳೆಯ ನಾಟಿ ಮುಗಿದು ಎರಡು ವಾರ ಆಗಿತ್ತು. ನಾನು ಹೋದಾಗ ಕುರುವಿಗೆ ಅರಸಿನ ಮೆತ್ತಿ, ಹಳೆ ಪಂಚೆಯ ಚೂರೊಂದನ್ನು ಕಟ್ಟಿಕೊಂಡು ಜಗಲಿಯಲ್ಲಿ ಕೂತಿದ್ದರು.

"ಎಂತದ್ದು ಮಾವ ಅದು?"

"ಎಂತ ಇಲ್ಲ ಮಾರಾಯ. ಒಂದು ಸಣ್ಣ ಕುರು. ಒಡೆದ್ರೆ ಸರಿ ಆಗ್ತದೆ."

ಅವರಿಗೆ ಶುಗರ್ ಶುರುವಾಗಿ 12 ವರ್ಷ. ಕುರು ತಾನಾಗಿ ಒಡೆಯಲಿಲ್ಲ. ಮರುದಿನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಸಣ್ಣಗೆ ಕೊಯ್ದು ಕೀವು ತೆಗೆದರು. ನಾನು ಪಕ್ಕದಲ್ಲೇ ನಿಂತಿದ್ದೆ. ಎರಡು ಚಮಚದಷ್ಟು ದಪ್ಪ ಹಳದಿ ಕೀವು. ಅದನ್ನು ಹತ್ತಿಯಲ್ಲಿ ಒರೆಸಿ, ಮೇಜಿನ ಕೆಳಗಿದ್ದ ಬಕೆಟಿಗೆ ಹಾಕಿದರು. ಐದು ದಿನಕ್ಕೆ ಆ್ಯಂಟಿಬಯೋಟಿಕ್ ಬರೆದುಕೊಟ್ಟರು. ನೋವು ಕಡಿಮೆ ಆಯಿತು. ಎಲ್ಲ ಮುಗಿಯಿತು ಅಂದುಕೊಂಡೆವು.

ಇಪ್ಪತ್ತು ದಿನ ಕಳೆದ ಮೇಲೆ ಅದೇ ಜಾಗದಲ್ಲಿ ಮತ್ತೆ ಬಾವು. ಈ ಸಲ ಸಂಜೆಯಾದರೆ ಚಳಿಜ್ವರವೂ ಇತ್ತು. ಬೇರೆ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರ್ ಕಾಲು ನೋಡುವ ಮೊದಲೇ ಕೇಳಿದ ಪ್ರಶ್ನೆ, "ಗದ್ದೆಗೆ ಇಳಿಯುತ್ತೀರಾ?" ಕೀವನ್ನು ಸಿರಿಂಜಿನಲ್ಲಿ ಎಳೆದು, ರಕ್ತದ ಜೊತೆ ಲ್ಯಾಬಿಗೆ ಕಳಿಸಿದರು. ನಾಲ್ಕನೇ ದಿನ ಹೆಸರು ಬಂತು. ಮೆಲಿಯೊಯ್ಡೋಸಿಸ್.

ಆ ಬಕೆಟ್ ಇನ್ನೂ ನನ್ನ ಕಣ್ಣ ಮುಂದಿದೆ. ಉತ್ತರ ಮೊದಲ ದಿನವೇ ಅದರೊಳಗೆ ಬಿದ್ದಿತ್ತು. ಈ ಲೇಖನ ಬರೆಯುವುದಕ್ಕೆ ಕಾರಣವೂ ಅದೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕುರು ಅಂದ ಕೂಡಲೇ ಹೆದರಬೇಕಾಗಿಲ್ಲ. ಚರ್ಮದ ಮೇಲೆ ಏಳುವ ಕುರು, ಬಾವುಗಳಲ್ಲಿ ಹೆಚ್ಚಿನವು ಸ್ಟಫೈಲೊಕಾಕಸ್ ಅಥವಾ ಸ್ಟ್ರೆಪ್ಟೊಕಾಕಸ್ ಎಂಬ ಸಾಮಾನ್ಯ ಬ್ಯಾಕ್ಟೀರಿಯಾಗಳಿಂದ ಬರುತ್ತವೆ. ಶುಗರ್ ಇರುವವರಲ್ಲೂ ಅಷ್ಟೆ. ಕೀವು ತೆಗೆದು ಮಾಮೂಲಿ ಮದ್ದು ಕೊಟ್ಟರೆ ವಾಸಿಯಾಗುತ್ತವೆ. ಕಾಲೇಜು ಹುಡುಗನೊಬ್ಬನಿಗೆ ಕುತ್ತಿಗೆಯಲ್ಲಿ ಒಂದು ಕುರು ಎದ್ದರೆ ಇಷ್ಟೆಲ್ಲ ಯೋಚಿಸಬೇಕಾಗಿಲ್ಲ.

ಆದರೆ ಅದೇ ಕುರು ಶುಗರ್ ಇರುವವರಿಗೆ, ಕಿಡ್ನಿ ಅಥವಾ ಲಿವರ್ ಕೆಟ್ಟವರಿಗೆ, ಕಿಮೊಥೆರಪಿ ತೆಗೆದುಕೊಳ್ಳುವವರಿಗೆ, ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ, ತಿಂಗಳುಗಟ್ಟಲೆ ಸ್ಟಿರಾಯ್ಡ್ ನುಂಗುವವರಿಗೆ, ಎಚ್‌ಐವಿ ಇರುವವರಿಗೆ ಬಂದರೆ ಲೆಕ್ಕ ಬೇರೆ. ಆರೋಗ್ಯವಂತರ ದೇಹ ಗೊತ್ತೇ ಆಗದ ಹಾಗೆ ಹೊಡೆದು ಹಾಕುವ ಮಣ್ಣಿನ, ನೀರಿನ, ಮೀನಿನ ರೋಗಾಣುಗಳು ಇವರಲ್ಲಿ ಬೇರೂರುತ್ತವೆ. ನಾವಿರುವ ಊರು ಹೇಗಿದೆ ನೋಡಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ, ನಡುವೆ ಹೊಳೆ, ಅಳಿವೆ, ಗದ್ದೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಇಂಥ ರೋಗಾಣುಗಳಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕೇ?

ಶುಗರ್ ಇರುವವರ ಸಂಖ್ಯೆಯೂ ಸಣ್ಣದಲ್ಲ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಂದರೆ ಐಸಿಎಂಆರ್‌ನ ಇಂಡಿಯಾಬ್ ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. "ರೋಗನಿರೋಧಕ ಶಕ್ತಿ ಕಡಿಮೆ ಇರುವವರು" ಎಂದಾಗ ಕ್ಯಾನ್ಸರ್ ವಾರ್ಡ್ ಮಾತ್ರ ನೆನಪಾಗುತ್ತದೆ, ಅಲ್ವಾ? ಆದರೆ ನಮ್ಮಲ್ಲಿ ಆ ಗುಂಪಿನ ಅತಿ ದೊಡ್ಡ ಪಾಲು ಬೆಳಿಗ್ಗೆ ಎದ್ದು ಒಂದು ಮೆಟ್ಫಾರ್ಮಿನ್ ನುಂಗಿ ತೋಟಕ್ಕೆ ಹೋಗುವವರದು. ತಮಗೆ ಶಕ್ತಿ ಕಡಿಮೆ ಇದೆ ಅಂತ ಅವರಿಗೆ ಅನ್ನಿಸುವುದೇ ಇಲ್ಲ.

ದೇಹದೊಳಗೆ ಏನಾಗುತ್ತದೆ ಎಂದು ಸ್ವಲ್ಪ ನೋಡೋಣ. ರಕ್ತದ ಬಿಳಿಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಒಂದು ಬಗೆ ಇದೆ. ಗಾಯವಾದಾಗ ಮೊದಲು ಓಡಿ ಬಂದು ರೋಗಾಣುಗಳನ್ನು ನುಂಗುವುದು ಇವೇ. ಸಕ್ಕರೆ ಮಟ್ಟ ಏರಿದಾಗ ಇವು ತಡವಾಗಿ ಬರುತ್ತವೆ, ಬಂದರೂ ಸರಿಯಾಗಿ ನುಂಗುವುದಿಲ್ಲ. ಜೊತೆಗೆ ಕಾಲಿನ ನರಗಳು ಮರಗಟ್ಟಿರುತ್ತವೆ, ಮುಳ್ಳು ಚುಚ್ಚಿದ್ದೇ ತಿಳಿಯುವುದಿಲ್ಲ. ಸ್ಟಿರಾಯ್ಡ್ ಮಾಡುವುದು ಇನ್ನೊಂದು ತೊಂದರೆ. ಜ್ವರ, ಕೆಂಪು, ಊತ ಇವೆಲ್ಲ ದೇಹ ಹೋರಾಡುತ್ತಿದೆ ಎಂಬ ಗುರುತು. ಸ್ಟಿರಾಯ್ಡ್ ಆ ಗುರುತನ್ನೇ ಅಳಿಸುತ್ತದೆ. ಹುಣ್ಣು ಮೇಲಿನಿಂದ ಶಾಂತವಾಗಿ ಕಾಣುತ್ತದೆ, ಒಳಗೆ ಹರಡುತ್ತಿರುತ್ತದೆ. ಗಂಟುನೋವಿಗೆಂದು ಯಾರೋ ಕೊಡುವ ಹೆಸರಿಲ್ಲದ ಪುಡಿ, ಮಾತ್ರೆಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದೂ ಉಂಟು. ಅಂಥವರಿಗೆ ತಾವು ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ.

ಕಿಮೊ ತೆಗೆದುಕೊಳ್ಳುವವರ ವಿಷಯ ಇನ್ನೂ ಸೂಕ್ಷ್ಮ. ಕೀವು ಅಂದರೆ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳ ರಾಶಿ. ಕಿಮೊದಿಂದ ನ್ಯೂಟ್ರೋಫಿಲ್‌ಗಳೇ ಇಲ್ಲದಾದಾಗ ಕೀವು ಎಲ್ಲಿಂದ ಬರಬೇಕು? "ಕೀವಿಲ್ಲ, ಹಾಗಾಗಿ ಇನ್ಫೆಕ್ಷನ್ ಇಲ್ಲ" ಎನ್ನುವ ನಮ್ಮ ಮನೆಮಾತಿನ ಲೆಕ್ಕ ಅಲ್ಲಿ ಪೂರ್ತಿ ತಪ್ಪಿಹೋಗುತ್ತದೆ.

ಮಾವನಿಗೆ ಬಂದ ರೋಗದ ಕಥೆಗೆ ಬರುತ್ತೇನೆ. ಇದು ಹೊರದೇಶದಿಂದ ಮೊನ್ನೆ ಬಂದದ್ದೇನೂ ಅಲ್ಲ. 1911ರಲ್ಲಿ ಆಗಿನ ಬ್ರಿಟಿಷ್ ಇಂಡಿಯಾದ ಭಾಗವೇ ಆಗಿದ್ದ ರಂಗೂನಿನ ಆಸ್ಪತ್ರೆಯಲ್ಲಿ ಆಲ್ಫ್ರೆಡ್ ವಿಟ್ಮೋರ್ ಮತ್ತು ಅವರ ಸಹಾಯಕ ಸಿ.ಎಸ್. ಕೃಷ್ಣಸ್ವಾಮಿ ಇದನ್ನು ಮೊದಲು ಗುರುತಿಸಿದರು. ಮೈಯೆಲ್ಲ ಕೀವಿನ ಬಾವುಗಳಾಗಿ ಸತ್ತ ಬಡವರ, ಮಾರ್ಫಿನ್ ಚಟ ಇದ್ದವರ ಶವಪರೀಕ್ಷೆ ಮಾಡುವಾಗ ಹೊಸದೊಂದು ಬ್ಯಾಕ್ಟೀರಿಯಾ ಸಿಕ್ಕಿತು. 1912ರಲ್ಲಿ ಇಂಡಿಯನ್ ಮೆಡಿಕಲ್ ಗೆಜೆಟ್‌ನಲ್ಲಿ ಪ್ರಕಟಿಸಿದರು. 1921ರಲ್ಲಿ ಮಲಯಾದ ಸ್ಟಾಂಟನ್ ಮತ್ತು ಫ್ಲೆಚರ್ ಇದಕ್ಕೆ ಮೆಲಿಯೊಯ್ಡೋಸಿಸ್ ಎಂದು ಹೆಸರಿಟ್ಟರು. ಕತ್ತೆಗಳಿಗೆ ಬರುವ ಒಂದು ರೋಗದ ಗ್ರೀಕ್ ಹೆಸರಿನಿಂದ ಬಂದ ಪದ ಅದು. ರೋಗಾಣುವಿನ ಈಗಿನ ಹೆಸರು ಬರ್ಖೋಲ್ಡೇರಿಯಾ ಸ್ಯೂಡೊಮಲ್ಲಿಯೈ.

ಈಗಿನ ಭಾರತದ ನೆಲದಲ್ಲಿ ಇದರ ಮೊದಲ ವರದಿ ಬಂದದ್ದು 1991ರಲ್ಲಿ, ಮುಂಬೈಯ ಒಂದು ಮಗುವಿನಲ್ಲಿ. ರಂಗೂನಿನಿಂದ ಮುಂಬೈಗೆ ಬರಲು ರೋಗಕ್ಕೆ 80 ವರ್ಷ ಬೇಕಾಯಿತೇ? ಖಂಡಿತ ಇಲ್ಲ. ಅಷ್ಟೂ ಕಾಲ ಇಲ್ಲೇ ಇತ್ತು, ಹುಡುಕಿದವರು ಕಡಿಮೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ (ಕೆಎಂಸಿ) ಸೂಕ್ಷ್ಮಜೀವಿ ವಿಭಾಗದವರು ಹುಡುಕಲು ಕೂತ ಮೇಲೆ ಉಡುಪಿ, ದಕ್ಷಿಣ ಕನ್ನಡದ ರೋಗಿಗಳಲ್ಲಿ ವರ್ಷವರ್ಷವೂ ಸಿಗತೊಡಗಿತು. ಉಡುಪಿ ಜಿಲ್ಲೆಯ ಮಣ್ಣಿನಲ್ಲೂ ರೋಗಾಣು ಸಿಕ್ಕಿದೆ. ಅದಕ್ಕೇ "ಅಪರೂಪದ ರೋಗ" ಎಂಬ ಮಾತು ಕೇಳಿದಾಗ ನನಗೆ ಸಮಾಧಾನ ಆಗುವುದಿಲ್ಲ. ಪರೀಕ್ಷೆ ಮಾಡದಿದ್ದರೆ ಎಲ್ಲ ರೋಗವೂ ಅಪರೂಪವೇ. 2016ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 1,65,000 ಜನರಿಗೆ ಮೆಲಿಯೊಯ್ಡೋಸಿಸ್ ಬರುತ್ತದೆ, 89,000 ಜನ ಸಾಯುತ್ತಾರೆ. ಅದರಲ್ಲಿ ದಕ್ಷಿಣ ಏಷ್ಯಾದ ಪಾಲು ದೊಡ್ಡದು.

ಈ ರೋಗಾಣುವಿನ ಗಟ್ಟಿತನ ಕೇಳಿದರೆ ಆಶ್ಚರ್ಯ ಆಗುತ್ತದೆ. ಆಹಾರವೇ ಇಲ್ಲದ ಬಟ್ಟಿ ಇಳಿಸಿದ ನೀರಿನಲ್ಲಿ 16 ವರ್ಷ ಬದುಕಿ ಉಳಿದದ್ದು ದಾಖಲಾಗಿದೆ. ಬೇಸಿಗೆಯಲ್ಲಿ ಮಣ್ಣಿನ ಆಳದಲ್ಲಿರುತ್ತದೆ. ಮಳೆ ಹಿಡಿದು ನೆಲದ ನೀರು ಮೇಲೇರಿದಾಗ ತಾನೂ ಮೇಲೆ ಬರುತ್ತದೆ. ಬರಿಗಾಲಿನ ಬಿರುಕು, ಮುಳ್ಳು ತಾಗಿದ ಗೀರು, ಕತ್ತಿ ತಾಗಿದ ಗಾಯ, ಇಷ್ಟು ಸಾಕು. ಜೋರು ಗಾಳಿಮಳೆಯಲ್ಲಿ ಉಸಿರಿನ ಮೂಲಕವೂ, ಕುದಿಸದ ನೀರಿನ ಮೂಲಕವೂ ಒಳಹೋಗಬಹುದು. ಮನುಷ್ಯರಿಂದ ಮನುಷ್ಯರಿಗೆ ಹರಡುವುದು ತೀರಾ ಕಡಿಮೆ. ಹಾಗಾಗಿ ರೋಗಿಯನ್ನು ದೂರ ಕೂರಿಸುವ ಅಗತ್ಯ ಇಲ್ಲವೇ ಇಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಬರುವ ಸಾಧ್ಯತೆ ಬೇರೆಯವರಿಗಿಂತ ಸುಮಾರು 12 ಪಟ್ಟು ಜಾಸ್ತಿ ಎಂದು ಲೆಕ್ಕ ಹಾಕಿದ್ದಾರೆ.

ಇಲ್ಲಿ ಒಂದು ವಿಷಯ ನಿಧಾನವಾಗಿ ಗಮನಿಸಬೇಕು. ಚರ್ಮದ ಹುಣ್ಣು ಎರಡು ರೀತಿ ಬರುತ್ತದೆ. ಒಂದರಲ್ಲಿ ಚರ್ಮವೇ ಬಾಗಿಲು. ಗಾಯದಿಂದ ರೋಗಾಣು ಒಳಬಂತು, ಅಲ್ಲೇ ಕೂತಿತು. ಮಕ್ಕಳಲ್ಲಿ, ಬೇರೆ ಕಾಯಿಲೆ ಇಲ್ಲದವರಲ್ಲಿ ಸಾಮಾನ್ಯವಾಗಿ ಹೀಗೆ, ಮದ್ದಿಗೆ ಬೇಗ ಬಗ್ಗುತ್ತದೆ. ಎರಡನೆಯದರಲ್ಲಿ ಚರ್ಮ ಬರೀ ಕಿಟಕಿ. ರೋಗಾಣು ಆಗಲೇ ರಕ್ತದಲ್ಲಿದೆ. ಲಿವರ್‌ನಲ್ಲಿ, ಗುಲ್ಮದಲ್ಲಿ (ಸ್ಪ್ಲೀನ್), ಶ್ವಾಸಕೋಶದಲ್ಲಿ, ಗಂಡಸರಾದರೆ ಪ್ರಾಸ್ಟೇಟ್‌ನಲ್ಲೂ ಬಾವು ಕಟ್ಟಿದೆ. ಅದರ ಒಂದು ತುಣುಕು ಮಾತ್ರ ನಮಗೆ ಕಾಲಿನ ಮೇಲೆ ಕಾಣುತ್ತಿದೆ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಈ ಎರಡನೆಯದರ ಭಯ ಹೆಚ್ಚು. ಅದಕ್ಕೇ ಆ ಡಾಕ್ಟರ್ ಕಾಲಿನ ಹುಣ್ಣಿಗೆ ಬಂದ ಮಾವನಿಗೆ ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್ ಬರೆದರು. "ಕಾಲಿಗೆ ಹುಣ್ಣಾದ್ರೆ ಹೊಟ್ಟೆ ಯಾಕೆ ನೋಡುವುದು?" ಎಂದು ಅತ್ತೆಗೆ ಸಂಶಯ. ಸ್ಕ್ಯಾನಿನಲ್ಲಿ ಗುಲ್ಮದೊಳಗೆ ಎರಡು ಸಣ್ಣ ಬಾವು ಕಂಡವು.

ಶ್ವಾಸಕೋಶಕ್ಕೆ ಬಂದರೆ ಟಿಬಿಯ ಹಾಗೆ, ಮೂಳೆಗೆ ಬಂದರೆ ಗಂಟುನೋವಿನ ಹಾಗೆ, ಮಕ್ಕಳ ಕೆನ್ನೆಯ ಪಕ್ಕದಲ್ಲಿ ಊದಿದರೆ ಮಂಗನಬಾವಿನ ಹಾಗೆ ಕಾಣುತ್ತದೆ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡು ಎದ್ದ ಮೇಲೆ ಮನೆಯವರಿಗೂ ಗುರುತು ಸಿಗದ ವೇಷಧಾರಿಯ ಹಾಗೆ. ಎಕ್ಸ್‌ರೇ ನೋಡಿ ಟಿಬಿ ಎಂದು ತಿಳಿದು, ತಿಂಗಳುಗಟ್ಟಲೆ ಟಿಬಿ ಮದ್ದು ನುಂಗಿದ ಮೇಲೆ ನಿಜ ಗೊತ್ತಾದ ರೋಗಿಗಳ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಎಷ್ಟೋ ಇವೆ.

ಲ್ಯಾಬಿನಲ್ಲೂ ಇದು ತಪ್ಪಿಸಿಕೊಳ್ಳುತ್ತದೆ. ಕೀವನ್ನೋ ರಕ್ತವನ್ನೋ ಲ್ಯಾಬಿನಲ್ಲಿಟ್ಟು ರೋಗಾಣು ಬೆಳೆಸಿ ನೋಡುವುದಕ್ಕೆ ಕಲ್ಚರ್ ಎನ್ನುತ್ತಾರೆ. ಮೊದಲ ದಿನ ಪ್ಲೇಟಿನ ಮೇಲೆ ಇದು ಸ್ಯೂಡೊಮೊನಾಸ್ ಎಂಬ ಸಾಮಾನ್ಯ ಬ್ಯಾಕ್ಟೀರಿಯಾ ತರ ಕಾಣುತ್ತದೆ. ಎಲ್ಲಿಂದಲೋ ಸೇರಿದ ಕಲಬೆರಕೆ ಎಂದು ಬದಿಗಿಡುವುದೂ ಉಂಟು. ಕೆಲವು ಸಲ ಯಂತ್ರವೂ ಹತ್ತಿರದ ಬೇರೆ ಬ್ಯಾಕ್ಟೀರಿಯಾದ ಹೆಸರು ಹೇಳಿಬಿಡುತ್ತದೆ. ಎರಡು ಮೂರು ದಿನ ಬಿಟ್ಟರೆ ಮಾತ್ರ ಸುಕ್ಕುಗಟ್ಟಿದ ಕಾಲನಿಗಳು, ಅಂದರೆ ಬ್ಯಾಕ್ಟೀರಿಯಾದ ಗುಂಪುಗಳು, ಕಾಣುತ್ತವೆ. ಇದಕ್ಕೆಂದೇ ಆಶ್‌ಡೌನ್ ಎಂಬ ವಿಶೇಷ ಮಾಧ್ಯಮ ಇದೆ. ಅದರಲ್ಲಿ ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಬೆರೆಸಿರುತ್ತಾರೆ. ಬೇರೆ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಸಾಯುತ್ತವೆ, ಇದು ನೇರಳೆ ಬಣ್ಣ ಹೀರಿಕೊಂಡು ಬೆಳೆಯುತ್ತದೆ. ದೊಡ್ಡ ಖರ್ಚಿನ ಯಂತ್ರ ಇಲ್ಲದ ಲ್ಯಾಬಿನಲ್ಲೂ ಗುಮಾನಿ ಪಡಲು ಒಂದು ಸುಲಭ ದಾರಿ ಇದೆ. ಆಕ್ಸಿಡೇಸ್ ಎಂಬ ಪರೀಕ್ಷೆ ಪಾಸಿಟಿವ್ ಬಂದು, ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗದೆ, ಆದರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗಿದರೆ ಇದೇ ಇರಬಹುದು ಎಂದು ದೊಡ್ಡ ಲ್ಯಾಬಿಗೆ ಕಳಿಸಬೇಕು.

ಒಂದು ಸಲ ಕಲ್ಚರ್ ನೆಗೆಟಿವ್ ಬಂದರೆ ರೋಗ ಇಲ್ಲ ಎಂದೂ ಅಲ್ಲ. ನೂರು ರೋಗಿಗಳಲ್ಲಿ ಸುಮಾರು 60 ಜನರಲ್ಲಿ ಮಾತ್ರ ಕಲ್ಚರ್ ಇದನ್ನು ಹಿಡಿಯುತ್ತದೆ ಎಂಬ ಅಂದಾಜಿದೆ. ಅದಕ್ಕೇ ಕೀವಿನ ಜೊತೆ ರಕ್ತ, ಮೂತ್ರ, ಗಂಟಲ ದ್ರವ ಎಲ್ಲ ಕಳಿಸುತ್ತಾರೆ. ಇಲ್ಲಿ ಇನ್ನೊಂದು ತೊಡಕು. ಮೊದಲೇ ನುಂಗಿದ ಅರೆಬರೆ ಆ್ಯಂಟಿಬಯೋಟಿಕ್ ರೋಗಾಣುವನ್ನು ಕೊಲ್ಲದಿದ್ದರೂ, ಪ್ಲೇಟಿನಲ್ಲಿ ಬೆಳೆಯದಷ್ಟು ಸುಸ್ತು ಮಾಡಿರುತ್ತದೆ. ರೋಗ ಒಳಗಿದೆ, ರಿಪೋರ್ಟ್ ಖಾಲಿ.

ಮದ್ದಿನ ಮಾತು. ಪೆನಿಸಿಲಿನ್, ಬರೀ ಅಮಾಕ್ಸಿಸಿಲಿನ್, ಜೆಂಟಾಮೈಸಿನ್ ಇಂಜೆಕ್ಷನ್, ಹೀಗೆ ನಮ್ಮ ಕ್ಲಿನಿಕ್ಕುಗಳಲ್ಲಿ ದಿನಬೆಳಗಾದರೆ ಕೊಡುವ ಮದ್ದುಗಳು ಇದಕ್ಕೆ ನಾಟುವುದಿಲ್ಲ. ಮೊದಲು ರಕ್ತನಾಳದ ಮೂಲಕ ಸೆಫ್ಟಾಜಿಡೀಮ್ ಅಥವಾ ಮೆರೊಪೆನೆಮ್ ಕೊಡಬೇಕು, ಕನಿಷ್ಠ 10ರಿಂದ 14 ದಿನ. ಒಳಗೆ ದೊಡ್ಡ ಬಾವು ಇದ್ದರೆ ಇನ್ನೂ ಹೆಚ್ಚು. ಥಾಯ್ಲೆಂಡಿನ ಉಬೊನ್ ಎಂಬಲ್ಲಿ ನಡೆದು 1989ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹಳೆಯ ಮದ್ದಿನಿಂದ ಸೆಫ್ಟಾಜಿಡೀಮ್‌ಗೆ ಬದಲಿಸಿದಾಗ ತೀವ್ರ ರೋಗಿಗಳ ಸಾವು 74%ರಿಂದ 37%ಕ್ಕೆ ಇಳಿಯಿತು. ಒಂದು ಸರಿಯಾದ ಮದ್ದಿನಿಂದ ಸಾವು ಅರ್ಧಕ್ಕೆ ಇಳಿಯುವುದು ವೈದ್ಯಕೀಯದಲ್ಲಿ ದಿನಾ ಆಗುವ ಸಂಗತಿ ಅಲ್ಲ. ಆ ಮದ್ದು ಶುರುವಾಗಬೇಕಾದರೆ ಮೊದಲು ಹೆಸರು ಗೊತ್ತಾಗಬೇಕು, ಅಥವಾ ಡಾಕ್ಟರಿಗೆ ಗುಮಾನಿಯಾದರೂ ಬರಬೇಕು.

ಇಂಜೆಕ್ಷನ್ ಮುಗಿದ ಮೇಲೆ ಕೋಟ್ರಿಮಾಕ್ಸಜೋಲ್ ಮಾತ್ರೆ, ಕನಿಷ್ಠ ಮೂರು ತಿಂಗಳು. ಈ ರೋಗಾಣು ನಮ್ಮ ಜೀವಕೋಶಗಳ ಒಳಗೇ ಅಡಗಿ ಕೂರುತ್ತದೆ, ಅದಕ್ಕೆ ಅಷ್ಟು ಕಾಲ. ಎರಡನೇ ಮಹಾಯುದ್ಧದಲ್ಲಿ ಏಷ್ಯಾದಲ್ಲಿ ಸೆರೆಯಾಗಿದ್ದ ಒಬ್ಬರಲ್ಲಿ 62 ವರ್ಷದ ನಂತರ ರೋಗ ತಲೆ ಎತ್ತಿದ ದಾಖಲೆ ಇದೆ. ಆದರೆ ನಮ್ಮವರು ಎಡವುವುದೂ ಇಲ್ಲೇ. ಹುಣ್ಣು ಒಣಗಿದೆ, ಜ್ವರ ಇಲ್ಲ, ಇನ್ನೇಕೆ ಮಾತ್ರೆ? ಒಂದೂವರೆ ತಿಂಗಳಿಗೆ ಮಾವನೂ ಅದನ್ನೇ ಕೇಳಿದರು. ಈ ಮಾತ್ರೆ ತುಂಬಾ ದುಬಾರಿ ಏನಲ್ಲ. ನಡುನಡುವೆ ಕ್ರಿಯಾಟಿನಿನ್, ಪೊಟ್ಯಾಸಿಯಂ, ರಕ್ತದ ಕಣಗಳ ಪರೀಕ್ಷೆ ಮಾಡಿಸಬೇಕು, ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು, ಅಷ್ಟೆ. ನಡುವೆ ಬಿಟ್ಟರೆ ರೋಗ ಮರಳಿ ಬರುತ್ತದೆ, ಮತ್ತೆ ಅದೇ ದುಬಾರಿ ಇಂಜೆಕ್ಷನ್.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಮಂಗಳೂರು, ದೇರಳಕಟ್ಟೆ, ಮಣಿಪಾಲ ಸುತ್ತಿದರೆ ಎಷ್ಟು ಮೆಡಿಕಲ್ ಕಾಲೇಜು ಸಿಗುತ್ತವೆ! ಎರಡು ಜಿಲ್ಲೆಗಳಲ್ಲಿ ಇಷ್ಟು ಒಳ್ಳೆಯ ಲ್ಯಾಬುಗಳು ಬಸ್ಸಿನ ದೂರದಲ್ಲಿ ಇರುವ ಭಾಗ್ಯ ನಮ್ಮ ರಾಜ್ಯದ ಬಹಳ ಕಡೆ ಇಲ್ಲ. ಆದರೂ ಕೀವು ಅಲ್ಲಿಗೆ ತಲುಪುವುದಿಲ್ಲ. ಯಾಕೆ ಅಂದರೆ ಮೊದಲ ಗಾಯ ದೊಡ್ಡ ಆಸ್ಪತ್ರೆಗೆ ಹೋಗುವುದಿಲ್ಲ. ಅರಸಿನಕ್ಕೆ ಹೋಗುತ್ತದೆ, ಆಮೇಲೆ ಮೆಡಿಕಲ್ ಶಾಪಿಗೆ, ಆಮೇಲೆ ಸಂಜೆ ಕ್ಲಿನಿಕ್ಕಿಗೆ. ಕ್ಲಿನಿಕ್ಕಿನಲ್ಲಿ ಎದುರಿಗೆ ಮೂವತ್ತು ಜನ ಕಾದಿರುತ್ತಾರೆ. ಸ್ಯಾಂಪಲ್ ಬಾಟಲಿ ಇರುವುದಿಲ್ಲ. ಕಲ್ಚರ್‌ಗೆ ಕೆಲವು ನೂರು ರೂಪಾಯಿ ಆಗುತ್ತದೆ, ರೋಗಿ ಏನೆಂದುಕೊಳ್ಳುತ್ತಾನೋ ಎಂದು ಡಾಕ್ಟರಿಗೂ ಸಂಕೋಚ. ನಾನು ಆ ಕ್ಲಿನಿಕ್ಕಿನವರನ್ನು ದೂರುತ್ತಿಲ್ಲ. ಹತ್ತರಲ್ಲಿ ಒಂಬತ್ತು ಸಲ ಅವರು ಮಾಡಿದ್ದೇ ಸಾಕಾಗುತ್ತದೆ. ಆದರೆ ಎದುರಿಗಿರುವವರಿಗೆ ಶುಗರ್ ಇದೆ, ಮಳೆಗಾಲ, ಗದ್ದೆ ಕೆಲಸ ಎಂದು ಗೊತ್ತಾದ ಕೂಡಲೇ ಕೀವು ಬಕೆಟಿಗೆ ಹೋಗಬಾರದು. ಡೆಂಗಿ, ಇಲಿಜ್ವರಕ್ಕೆ ಮಳೆಗಾಲದ ಮೊದಲೇ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೇಳುತ್ತಾರೆ. ಅದರ ಜೊತೆಗೆ ಇದನ್ನೂ ಒಂದು ಮಾತು ಸೇರಿಸಲು ಹೆಚ್ಚಿಗೆ ಖರ್ಚಿಲ್ಲ.

ಇನ್ನು ಕಡಲಿನ ಕಡೆಗೆ. ಮಲ್ಪೆಯ ಬಂದರು, ಮಂಗಳೂರಿನ ಧಕ್ಕೆಯಲ್ಲಿ ಕೆಲಸ ಮಾಡುವವರ ಕೈ ನೋಡಿ. ಏಡಿ ಕಚ್ಚಿದ್ದು, ಸಿಗಡಿಯ ಮುಳ್ಳು ತಾಗಿದ್ದು, ಬಲೆಯ ಹಗ್ಗ ಕೊಯ್ದದ್ದು. ಗಾಯ ಇಲ್ಲದ ಬೆರಳು ಕಡಿಮೆ. ಅಳಿವೆಯ ಬೆಚ್ಚಗಿನ ಸಪ್ಪೆ-ಉಪ್ಪು ನೀರಿನಲ್ಲಿ ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಕಾಲರಾ ರೋಗಾಣುವಿನ ಬಳಗದ್ದೇ. ಆರೋಗ್ಯವಂತರಿಗೆ ಇದರಿಂದ ದೊಡ್ಡ ತೊಂದರೆ ಆಗುವುದು ಕಡಿಮೆ. ಲಿವರ್ ಸಿರೋಸಿಸ್ ಇರುವವರಿಗೆ, ವರ್ಷಗಟ್ಟಲೆ ಕುಡಿದವರಿಗೆ, ಶುಗರ್ ಇರುವವರಿಗೆ ಮಾತ್ರ ಇದು ಗಂಟೆಗಳ ಲೆಕ್ಕದ ಕಾಯಿಲೆ. ಬೆಳಿಗ್ಗೆ ಮುಳ್ಳು ಚುಚ್ಚಿದ ಕೈ ಸಂಜೆಗೆ ಊದುತ್ತದೆ. ರಾತ್ರಿ ಹೊತ್ತಿಗೆ ಕಪ್ಪು ನೇರಳೆ ನೀರು ತುಂಬಿದ ಬೊಬ್ಬೆಗಳು. ಕಾಣುವ ಗಾಯಕ್ಕಿಂತ ನೋವು ಬಹಳ ಜಾಸ್ತಿ. ಇಲ್ಲಿ ಕಲ್ಚರ್ ರಿಪೋರ್ಟಿಗೆ ಕಾಯುವಂತಿಲ್ಲ. ಸ್ಯಾಂಪಲ್ ತೆಗೆದ ಕೂಡಲೇ ಡಾಕ್ಸಿಸೈಕ್ಲಿನ್ ಜೊತೆ ಸೆಫ್ಟಾಜಿಡೀಮ್‌ನಂಥ ಮದ್ದು, ಕೊಳೆತ ಭಾಗ ತೆಗೆಯಲು ಆಪರೇಷನ್. ಐವರಲ್ಲಿ ಒಬ್ಬರು ಉಳಿಯುವುದಿಲ್ಲ, ಕೆಲವರು ಒಂದೆರಡು ದಿನದೊಳಗೇ ಹೋಗಿಬಿಡುತ್ತಾರೆ.

"ಉಪ್ಪುನೀರು ಗಾಯಕ್ಕೆ ಒಳ್ಳೇದು" ಎಂಬ ಮಾತು ನಮ್ಮಲ್ಲಿ ಹಳೆಯದು. ಮನೆಯಲ್ಲಿ ಕಾಯಿಸಿದ ಉಪ್ಪುನೀರಿನ ಮಾತು ಬೇರೆ, ಅಳಿವೆಯ ನೀರು ಬೇರೆ. ಲಿವರ್ ತೊಂದರೆ ಇರುವವರು ತೆರೆದ ಗಾಯ ಇಟ್ಟುಕೊಂಡು ಕಡಲಿಗೆ ಇಳಿಯಬಾರದು. ಮರುವಾಯಿಯನ್ನು (ಚಿಪ್ಪುಮೀನು) ಅರೆಬೇಯಿಸಿ ತಿನ್ನಲೂ ಬಾರದು, ಅದರಿಂದಲೂ ಇದೇ ರೋಗಾಣು ರಕ್ತಕ್ಕೆ ಇಳಿಯುತ್ತದೆ.

ಮೀನಿನ ಇನ್ನೊಂದು ರೋಗಾಣು ಇದಕ್ಕೆ ಪೂರ್ತಿ ತದ್ವಿರುದ್ಧ. ಯಾವ ಅವಸರವೂ ಇಲ್ಲ. ಮೈಕೊಬ್ಯಾಕ್ಟೀರಿಯಂ ಮರೈನಂ ಎಂದು ಹೆಸರು, ಟಿಬಿ ರೋಗಾಣುವಿನ ದಾಯಾದಿ. ಮನೆಯ ಅಕ್ವೇರಿಯಂ ತೊಳೆಯುವಾಗ, ಮೀನು ಕೊಯ್ಯುವಾಗ ಬೆರಳಿನ ಗೀರಿನಿಂದ ಒಳಗೆ ಹೋಗುತ್ತದೆ. ಎರಡು ಮೂರು ವಾರ ಬಿಟ್ಟು ಬೆರಳಿನ ಮೇಲೆ ಒಂದು ಗಂಟು. ಆಮೇಲೆ ಮುಂಗೈಯಲ್ಲಿ ಒಂದು, ಮೊಣಕೈ ಹತ್ತಿರ ಇನ್ನೊಂದು, ಸಾಲಾಗಿ ಮೇಲೇರುತ್ತವೆ. ನೋವು ಅಷ್ಟಾಗಿ ಇಲ್ಲ. ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತಾರೆ. ಸ್ಟಿರಾಯ್ಡ್ ಇರುವ ಮುಲಾಮಾದರೆ ಇನ್ನೂ ಹರಡುತ್ತದೆ.

ಇದನ್ನು ಇಲ್ಲಿ ಹೇಳಲು ಒಂದು ಕಾರಣ ಇದೆ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಎಲ್ಲವನ್ನೂ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಳೆಸುತ್ತಾರೆ, ನಮ್ಮ ದೇಹದ ಶಾಖ ಅದು. ಈ ರೋಗಾಣುವಿಗೆ ಬೇಕಾದದ್ದು 30 ಡಿಗ್ರಿ ಆಸುಪಾಸು. ಕೈಬೆರಳಿನಂಥ ತಣ್ಣಗಿನ ಜಾಗದಲ್ಲೇ ಕೂರುವುದಕ್ಕೂ ಅದೇ ಕಾರಣ. 37ರಲ್ಲಿ ಇಟ್ಟರೆ ಏನೂ ಬೆಳೆಯದೆ "ನೋ ಗ್ರೋತ್" ಎಂದು ರಿಪೋರ್ಟ್ ಬರಬಹುದು. ಎರಡು ದಿನಕ್ಕೇ ಪ್ಲೇಟ್ ಬಿಸಾಡಿದರೂ ಅದೇ ಕಥೆ, ಇದಕ್ಕೆ ವಾರಗಳು ಬೇಕು. ರೋಗಿ "ಮನೆಯಲ್ಲಿ ಮೀನಿನ ತೊಟ್ಟಿ ಇದೆ" ಎಂದು ಹೇಳಿ, ಡಾಕ್ಟರ್ ಅದನ್ನು ಲ್ಯಾಬಿನ ಚೀಟಿಯಲ್ಲಿ ಬರೆದರೆ ಮಾತ್ರ ಸೂಕ್ಷ್ಮಜೀವಿ ತಜ್ಞರು ಶಾಖ ಬದಲಿಸಿ ಕಾಯುತ್ತಾರೆ. ರೋಗಿಯ ಬಾಯಿಂದ ಬಂದ ಒಂದು ವಾಕ್ಯವೂ ಪರೀಕ್ಷೆಯ ಒಂದು ಭಾಗ ಎಂದು ನನಗೆ ಅರ್ಥವಾದದ್ದು ಇದನ್ನು ಓದಿದಾಗ.

ಮಣ್ಣಿನಲ್ಲಿರುವ ನೊಕಾರ್ಡಿಯಾ ಎಂಬ ಬ್ಯಾಕ್ಟೀರಿಯಾದ್ದೂ ಹೀಗೇ ನಿಧಾನದ ಬೆಳವಣಿಗೆ. ಕಿಡ್ನಿ ಕಸಿಯಾದವರಲ್ಲಿ, ಸ್ಟಿರಾಯ್ಡ್ ನುಂಗುವವರಲ್ಲಿ ಶ್ವಾಸಕೋಶ, ಚರ್ಮ, ಮೆದುಳು ಮೂರನ್ನೂ ಹಿಡಿಯಬಲ್ಲದು. ಇಂಜೆಕ್ಷನ್ ಕೊಟ್ಟ ಜಾಗದಲ್ಲಿ ಅಥವಾ ಲ್ಯಾಪರೊಸ್ಕೋಪಿಯ ತೂತಿನಲ್ಲಿ ವಾರಗಳ ನಂತರ ಗಂಟಾಗಿ ಸೋರತೊಡಗಿದರೆ ಬೇಗ ಬೆಳೆಯುವ ಜಾತಿಯ ಮೈಕೊಬ್ಯಾಕ್ಟೀರಿಯಾಗಳನ್ನು ನೆನಪಿಸಿಕೊಳ್ಳಬೇಕು, ಮಾಮೂಲಿ ಟಿಬಿ ಮದ್ದಿಗೆ ಅವು ಬಗ್ಗುವುದಿಲ್ಲ.

ಕಿಮೊ ಪಡೆಯುವವರ ಮನೆಯವರು ಒಂದು ಗುರುತು ತಿಳಿದಿರಬೇಕು. ತೊಡೆಸಂದು, ಕಂಕುಳು, ಪೃಷ್ಠದಂಥ ಕಡೆ ಒಂದು ಕೆಂಪು ಚುಕ್ಕೆ. ಕೆಲವು ಗಂಟೆಗೆ ಅದು ಗುಳ್ಳೆ. 12ರಿಂದ 24 ಗಂಟೆಯೊಳಗೆ ನಡುವೆ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು, ಬೀಡಿ ಸುಟ್ಟ ಗಾಯದ ಹಾಗೆ. ಹೆಚ್ಚಾಗಿ ಇದು ಸ್ಯೂಡೊಮೊನಾಸ್ ಏರುಜಿನೋಸ ರಕ್ತಕ್ಕೆ ಇಳಿದಿರುವುದರ ಗುರುತು. ಬೆಳಿಗ್ಗೆ ಒಪಿಡಿಗೆ ಹೋದರಾಯಿತು ಎನ್ನುವಂತಿಲ್ಲ, ಅದೇ ರಾತ್ರಿ ಹೊರಡಬೇಕು. ಕಿಮೊ ನಡುವೆ ಜ್ವರ 101 ಡಿಗ್ರಿ ಫ್ಯಾರನ್ಹೀಟ್ ಮುಟ್ಟಿದರೂ ಇದೇ ಮಾತು, ಚರ್ಮದ ಮೇಲೆ ಏನೂ ಕಾಣದಿದ್ದರೂ.

ಹಾಗಾದರೆ ಗದ್ದೆಗೆ ಇಳಿಯಬಾರದೇ? ಕೆಸರುಗದ್ದೆಯ ಆಟಗಳ "ಕೆಸರ್ಡ್ ಒಂಜಿ ದಿನ" ಆಡಬಾರದೇ? ನನ್ನ ಅಭಿಪ್ರಾಯದಲ್ಲಿ ಗದ್ದೆಗೇ ಹೋಗಬೇಡಿ ಎನ್ನುವ ಸಲಹೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಗದ್ದೆ ಬಿಟ್ಟರೆ ಊಟ ಎಲ್ಲಿಂದ? ಗಮ್‌ಬೂಟು ಹಾಕಿ ಎನ್ನುವುದು ಸರಿ, ತೆಂಗಿನ ಬುಡ ಬಿಡಿಸುವಾಗ, ತೋಟದ ಕಣಿ ಸರಿಮಾಡುವಾಗ ಹಾಕಬಹುದು. ಆದರೆ ನಾಟಿ ಗದ್ದೆಯ ಕೆಸರಿನಲ್ಲಿ ಬೂಟು ಹೂತುಹೋಗಿ ಕಾಲು ಮಾತ್ರ ಮೇಲೆ ಬರುತ್ತದೆ, ಮಾಡಿದವರಿಗೇ ಗೊತ್ತು. ಆಗುವಂಥದ್ದು ಇಷ್ಟು. ಮಳೆಗಾಲದ ಮೊದಲು ಶುಗರ್ ಹತೋಟಿಗೆ ತನ್ನಿ. ಅದು ಬೂಟಿಗಿಂತ ದೊಡ್ಡ ರಕ್ಷಣೆ. ಕಾಲಿನಲ್ಲಿ ತೆರೆದ ಗಾಯ ಇದ್ದ ದಿನ ಬೇರೆಯವರು ಇಳಿಯಲಿ, ನೀವು ಹುಣಿಯ ಮೇಲೆ ನಿಲ್ಲಿ. ಮೇಲೆ ಬಂದ ಮೇಲೆ ಬಾವಿಯ ನೀರಿನಲ್ಲಿ ಸೋಪು ಹಚ್ಚಿ ತೊಳೆದು, ಒರೆಸಿ, ಬೆರಳ ಸಂದು, ಅಂಗಾಲು ಬೆಳಕಿನಲ್ಲಿ ನೋಡಿ. ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳು ನೋಡಲಿ.

ಹುಣ್ಣು ಆಗಿಯೇಬಿಟ್ಟರೆ, ಡಾಕ್ಟರ ಹತ್ತಿರ ಕೇಳದಿದ್ದರೂ ಹೇಳಬೇಕು. ಶುಗರ್ ಎಷ್ಟು ವರ್ಷದಿಂದ, ಏನೇನು ಮಾತ್ರೆ, ಗದ್ದೆಯೋ ಕಡಲೋ ಮೀನಿನ ತೊಟ್ಟಿಯೋ, ಆಗಲೇ ಏನು ಆ್ಯಂಟಿಬಯೋಟಿಕ್ ನುಂಗಿ ಆಗಿದೆ. ಕೊಯ್ಯುವ ಮೊದಲು, "ಡಾಕ್ಟ್ರೇ, ಕೀವು ಕಲ್ಚರ್‌ಗೆ ಕಳಿಸ್ತೀರಾ?" ಎಂದು ಕೇಳಿ. ಯಾವ ಒಳ್ಳೆಯ ಡಾಕ್ಟರೂ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಹತ್ತಿಯ ಕಡ್ಡಿಗಿಂತ ಸಿರಿಂಜಿನಲ್ಲಿ ಎಳೆದ ಕೀವು, ಸಾಧ್ಯವಾದರೆ ಬಾವಿನ ಗೋಡೆಯ ಒಂದು ಚೂರು, ಲ್ಯಾಬಿಗೆ ಹೆಚ್ಚು ಉಪಯೋಗ. ಒಂದು ವಾರದ ಮದ್ದಿಗೆ ಹುಣ್ಣು ಇಳಿಯದಿದ್ದರೆ, ಇಳಿದು ಮತ್ತೆ ಎದ್ದರೆ, ಅದೇ ಮದ್ದನ್ನು ಇನ್ನೊಂದು ವಾರ ಮುಂದುವರಿಸುವ ಬದಲು ಸೂಕ್ಷ್ಮಜೀವಿ ಲ್ಯಾಬ್ ಇರುವ ಆಸ್ಪತ್ರೆಗೆ ಹೋಗಿ.

ಮಾವನ ಮೂರು ತಿಂಗಳ ಕೋಟ್ರಿಮಾಕ್ಸಜೋಲ್ ಮುಗಿದಿದೆ. ಗುಲ್ಮದ ಬಾವು ಸ್ಕ್ಯಾನಿನಲ್ಲಿ ಈಗ ಕಾಣುತ್ತಿಲ್ಲ. ರೋಗ ಮರಳಿ ಬರುವ ಸಾಧ್ಯತೆ ಸ್ವಲ್ಪ ಇದ್ದೇ ಇದೆ ಎಂದು ಡಾಕ್ಟರ್ ಹೇಳಿದ್ದಾರೆ. ಅವರ ಅಂಗಿಯ ಜೇಬಿನಲ್ಲಿ ಬಸ್ಸಿನ ಚಿಲ್ಲರೆ ಜೊತೆ, ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟ ಒಂದು ಚೀಟಿ ಇದೆ. ಮಗಳ ಕೈಬರಹ. "ಶುಗರ್ ಇದೆ. ಮೆಲಿಯೊಯ್ಡೋಸಿಸ್ ಬಂದಿತ್ತು. ಜ್ವರ ಬಂದರೆ ಮದ್ದು ಕೊಡುವ ಮೊದಲು ರಕ್ತದ ಕಲ್ಚರ್ ಮಾಡಿಸಿ." ಮೊನ್ನೆ ಪಕ್ಕದ ಮನೆಯವರ ಕಾಲಿನಲ್ಲಿ ಕುರು ಎದ್ದಾಗ ಮಾವ ಆ ಚೀಟಿ ತೆಗೆದು ತೋರಿಸಿ, ಅವರ ಜೊತೆ ತಾವೇ ಬಸ್ಸು ಹತ್ತಿದರಂತೆ.